ಒಂದೇ ತ್ರಿಕೋನದ ಸಂಖ್ಯೆ

ಕೇಳಿದ ಪ್ರಶ್ನೆಗೆ ಕೇಳಿದ ಜಾಗದಲ್ಲೇ ಉತ್ತರ ಕೊಟ್ಟುಬಿಡುವುದು ಸೆಂದಾ ಶಿಗೆಯೊ ಅವರ ದೃಷ್ಟಿಯಲ್ಲಿ ಒಂದು ಬಗೆಯ ಅಸಭ್ಯತೆ. ಎದುರಿಗಿರುವವರ ಮಾತನ್ನು ಅಷ್ಟು ಹಗುರವಾಗಿ ತೆಗೆದುಕೊಳ್ಳಲು ಅವರ ಮನಸ್ಸು ಒಪ್ಪುವುದಿಲ್ಲ. ನಮ್ಮ ಇಚಿನೊಸೆಕಿಯ ಪೇಟೆಬೀದಿಯಲ್ಲಿ ಬೇಯಿಸಿದ ಅಕ್ಕಿ ಕುಟ್ಟಿ ಮೋಚಿ ಎಂಬ ಮೆತ್ತನೆಯ ಕಡುಬು ಮಾಡಿ ಮಾರುವಾತ ಒಮ್ಮೆ, ಮೇಲೆ ಹಚ್ಚುವ ಹಸಿರು ಸೋಯಾಕಾಳಿನ ಹೂರಣಕ್ಕೆ ಈ ಸಲ ಉಪ್ಪು ಸರಿಯಾಗಿದೆಯೇ ಎಂದು ಬಾಯುಪಚಾರಕ್ಕೆ ಕೇಳಿದ. ಶಿಗೆಯೊ ದುಡ್ಡು ಎಣಿಸಿಟ್ಟು ಹೋದರು. ಮರುದಿನ ಬಂದು ಇನ್ನೊಂದು ತಿಂದರು. ಹಸಿದ ಹೊಟ್ಟೆಯಲ್ಲಿ ಬಂದು ತಿಂದರು, ಊಟ ಮುಗಿಸಿ ಬಂದು ತಿಂದರು, ಮಳೆ ಸುರಿಯುತ್ತಿದ್ದ ದಿನ ಕೊಡೆ ಹಿಡಿದು ಬಂದು ತಿಂದರು. ಕೊನೆಗೊಂದು ಬೆಳಿಗ್ಗೆ, ಅಂಗಡಿ ತುಂಬ ಗಿರಾಕಿಗಳು ನಿಂತಿರುವಾಗ, ಗಲ್ಲಾದ ಎದುರು ನಿಂತು, ಉಪ್ಪು ಸರಿಯಾಗಿದೆ ಎಂದು ತೀರ್ಪು ಕೊಟ್ಟು ಹೊರಟುಹೋದರು. ಅಷ್ಟರಲ್ಲಿ ಆತ ತಾನು ಕೇಳಿದ್ದೇನು ಎಂಬುದನ್ನೇ ಮರೆತಿದ್ದ.

ಅವರ ಪ್ರಾಯದ ದಿನಗಳಲ್ಲಿ ಅಂಚೆ ಕಚೇರಿಯ ಗುಮಾಸ್ತನೊಬ್ಬ ತನ್ನನ್ನು ಮದುವೆಯಾಗುವಿರಾ ಎಂದು ಕೇಳಿದ್ದನಂತೆ. ಶಿಗೆಯೊ ಆ ಪ್ರಶ್ನೆಯನ್ನೂ ಮನೆಗೆ ಒಯ್ದರು. ಎಲ್ಲ ದಿಕ್ಕಿನಿಂದಲೂ ತಿರುಗಿಸಿ ನೋಡಿ, ಉತ್ತರ ಸಿದ್ಧವಾದ ಮೇಲೆ ಪ್ಲಮ್ ಉಪ್ಪಿನಕಾಯಿಯ ಒಂದು ಭರಣಿ ಹಿಡಿದು ಅವನ ಮನೆಗೆ ಹೋದರೆ, ಬಾಗಿಲು ತೆರೆದದ್ದು ಕಂಕುಳಲ್ಲಿ ಕೂಸು ಎತ್ತಿಕೊಂಡಿದ್ದ ಅವನ ಹೆಂಡತಿ. ಶಿಗೆಯೊ ಕೂಸಿನ ಗಲ್ಲ ಸವರಿ, ಭರಣಿ ಕೊಟ್ಟು, ಹಿಂದಿರುಗಿದರು. ಆ ಉತ್ತರ ಏನಿತ್ತೆಂದು ಅವರ ಅತ್ತಿಗೆ ಕಿನು ಈಗಲೂ ಕೆಣಕುವುದುಂಟು.

"ಹೂಂ ಅಂತಿದ್ಯೋ ಊಹೂಂ ಅಂತಿದ್ಯೋ, ಅಷ್ಟಾದ್ರೂ ಹೇಳೇ."

"ಕೇಳಿದವನಿಗೆ ಹೇಳೋಕೆ ಹೋಗಿದ್ದೆ. ನೀನೇನು ನನ್ನ ಮದುವೆ ಆಗ್ತೀಯಾ?"

ಸೆಂದಾ ಅವರದು ನೀಲಿ ಬಣ್ಣಗಾರರ ಮನೆತನ. ನೀಲಿಯ ಬಾನಿಗಳ ನಡುವೆ ಸದಾ ಒದ್ದೆಯಾಗಿರುವ ಕಲ್ಲುನೆಲದ ಮೇಲೆ ಬಾಲ್ಯ ಕಳೆದವರಾದ್ದರಿಂದ, ಒಣಗಿದ ರಸ್ತೆಯಲ್ಲೂ ಅವರು ಜಾರುವ ನೆಲದ ಮೇಲೆ ನಡೆಯುವವರಂತೆ, ಮೊದಲು ಪಾದ ಊರಿ, ಅದು ನಿಂತಿದೆಯೆಂದು ಖಾತ್ರಿಯಾದ ಮೇಲೆಯೇ ಮೈಯ ಭಾರವನ್ನು ಅದರ ಮೇಲೆ ಬಿಡುತ್ತಾರೆ. ತೀರಿಹೋದ ಅಣ್ಣನ ರೈಲ್ವೆ ಕೋಟು ಅವರಿಗೆ ಮೊಣಕಾಲಿನವರೆಗೆ ಬರುತ್ತದೆ. ತೋಳು ಎರಡು ಮಡಿಕೆ, ಗುಂಡಿಗಳು ಒಂದಕ್ಕೊಂದು ಸಂಬಂಧವಿಲ್ಲದವು, ಜೇಬಿನಲ್ಲಿ ಕಾಗದಕ್ಕೆ ತೂತು ಹೊಡೆಯುವ ಒಂದು ಸಣ್ಣ ಉಳಿ. ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಊರಿನ ಅರ್ಧ ಹೆಂಗಸರು ಅವರ ಕೈಯಲ್ಲಿ ಭಿನ್ನರಾಶಿ ಕಲಿತು ಬೈಸಿಕೊಂಡವರು. ಹಾಗಾಗಿ ಎಲ್ಲರ ಬಾಯಲ್ಲೂ ಅವರು ಸೆನ್ಸೇ, ಎಂದರೆ ಟೀಚರಮ್ಮ. ಬೈಗುಳವೂ ಒಂದು ವಾರ ತಡವಾಗಿ ಬರುತ್ತಿತ್ತು ಎಂದು ಆ ಹೆಂಗಸರೇ ನಗುತ್ತಾರೆ.

ಗುಡ್ಡದ ಮೇಲಿನ ಗುಡಿಯಲ್ಲಿ ಗಣಿತದ ಹಲಗೆಗಳಿವೆ. ಹೊಳೆದ ಲೆಕ್ಕವನ್ನು ಮರದ ಹಲಗೆಯ ಮೇಲೆ ಬಣ್ಣದಲ್ಲಿ ಬರೆದು ದೇವರಿಗೊಪ್ಪಿಸುವುದು ನಮ್ಮ ಕಡೆ ಹಿಂದಿನಿಂದ ಬಂದದ್ದು. ಉಳಿದವರು ಹರಕೆಗೆ ಕುದುರೆಯ ಚಿತ್ರ ಕೊಟ್ಟರೆ ಲೆಕ್ಕದವರು ತ್ರಿಕೋನ ಕೊಟ್ಟರು. ಪ್ರತಿ ಹಲಗೆಯಲ್ಲೂ ಮೂರು ಸಾಲು: ಪ್ರಶ್ನೆ, ಉತ್ತರ, ಆ ಉತ್ತರ ಮುಟ್ಟಿದ ದಾರಿ. ದಾರಿಯ ಸಾಲಿನ ಕೆಳಗೆ, ಆ ದಾರಿಯನ್ನು ತಾವೇ ನಡೆದವರು ಮಾತ್ರ ಹೆಸರು ಹಾಕಬೇಕು. ಶಿಗೆಯೊ ಅವರ ಗುರು ನುಮಾಕುರಾ ಮೇಷ್ಟ್ರು ತಮ್ಮ ಕೊನೆಗಾಲದಲ್ಲಿ ಒಪ್ಪಿಸಿದ ಹಲಗೆಯಲ್ಲಿ ಒಂದು ತ್ರಿಕೋನವಿದೆ, ನಾಲ್ಕರಲ್ಲಿ ತೊಡಗಿ ಏಳರಲ್ಲಿ ಮುಗಿಯುವ ಹದಿನಾಲ್ಕು ಅಂಕಿಗಳ ಒಂದು ಸಂಖ್ಯೆಯಿದೆ, ಅದು ಯಾವುದರಿಂದಲೂ ಮುರಿಯದ ಅವಿಭಾಜ್ಯ ಸಂಖ್ಯೆ ಎಂಬ ಉತ್ತರವಿದೆ. ದಾರಿಯ ಸಾಲು ಖಾಲಿ. ಸಾಯುವ ಮೊದಲು ಮೇಷ್ಟ್ರು ಆ ಖಾಲಿ ಜಾಗದ ತಳದಲ್ಲಿ ತಮ್ಮ ಶಿಷ್ಯೆಯ ಹೆಸರನ್ನು ಸಣ್ಣಗೆ ಬರೆಸಿಟ್ಟರು. ಶಿಷ್ಯೆ ನಡೆಯಲಿ ಎಂದು.

ಆ ದಾರಿ ಏನೆಂದು ಶಿಗೆಯೊ ನಮಗೆ ಹುರಿದ ಸೋಯಾಕಾಳುಗಳಲ್ಲಿ ತೋರಿಸಿದ್ದರು. ನಮಗೆ ಎಂದರೆ ಗುಡಿಯ ಹಜಾರದಲ್ಲಿ ತಿಂಗಳಿಗೊಮ್ಮೆ ಸೇರುವ ಲೆಕ್ಕದ ಕೂಟದವರಿಗೆ, ನಾನೂ ಅದರಲ್ಲೊಬ್ಬ. ಹದಿಮೂರು ಕಾಳು ತೆಗೆದುಕೊಂಡು, ಎರಡೆರಡರ ಒಂದು ಚೌಕ, ಮೂರು ಮೂರರ ಒಂದು ಚೌಕ ಮಾಡಿದರು, ನಾಲ್ಕು, ಒಂಬತ್ತು. ಬೇರೆ ಯಾವ ರೀತಿಯಲ್ಲೂ ಹದಿಮೂರನ್ನು ಎರಡು ಚೌಕವಾಗಿ ಹಂಚಲಾಗದು. ಆಮೇಲೆ ಅರವತ್ತೈದು ಕಾಳು. ಒಂದು ಮತ್ತು ಅರವತ್ತನಾಲ್ಕು ಎಂದು ಹಂಚಿದರು. ಕೂಡಿಸಿ ಕಲಸಿ, ಹದಿನಾರು ಮತ್ತು ನಲವತ್ತೊಂಬತ್ತು ಎಂದೂ ಹಂಚಿದರು. ಎರಡು ರೀತಿ ಬಂತೆಂದರೆ ಸಂಖ್ಯೆ ಒಡೆಯಿತು. ಅರವತ್ತೈದು ಎಂದರೆ ಐದು ಹದಿಮೂರಲೇ. ನಾಲ್ಕರಿಂದ ಭಾಗಿಸಿದರೆ ಒಂದು ಉಳಿಯುವ ಅವಿಭಾಜ್ಯ ಸಂಖ್ಯೆ ಎಷ್ಟೇ ದೊಡ್ಡದಿರಲಿ, ಅದಕ್ಕೆ ಇಂಥ ಒಂದು ಜೋಡಿ ಇದ್ದೇ ಇರುತ್ತದೆ, ಒಂದೇ ಇರುತ್ತದೆ. ಜೋಡಿಯ ಎರಡು ಚೌಕಗಳ ಅಂಚುಗಳನ್ನು ಲಂಬವಾಗಿ ಜೋಡಿಸಿದರೆ ಒಂದು ತ್ರಿಕೋನ. ಮೇಷ್ಟ್ರ ಹಲಗೆಯ ಮೇಲಿರುವುದು ಅದೇ, ಅದರ ಆ ಎರಡು ಅಂಚುಗಳನ್ನೂ ಭಾಗಿಸುವ ಸಂಖ್ಯೆ ಒಂದರ ಹೊರತು ಬೇರೆ ಇಲ್ಲ. ಅದರ ಪಕ್ಕದಲ್ಲಿ ಎರಡನೆಯದೊಂದು ತ್ರಿಕೋನ ಹುಟ್ಟಲಾರದು ಎಂದು ಒಂದೊಂದನ್ನೂ ನೋಡಿ ಮುಗಿಸಿದರೆ ಸಂಖ್ಯೆ ಮುರಿಯದ್ದೆಂದು ಸಿದ್ಧವಾದಂತೆ. ಇಷ್ಟು ಹೇಳಿ ಶಿಗೆಯೊ ಅರವತ್ತೈದು ಕಾಳುಗಳನ್ನೂ ತಿಂದುಬಿಟ್ಟರು.

ಒಂದು ಚೌಕದ ಅಂಚನ್ನು ಒಂದು, ಎರಡು, ಮೂರು ಎಂದು ಏರಿಸುತ್ತ, ಅದನ್ನು ಕಳೆದು ಉಳಿದದ್ದೂ ಚೌಕವೇ ಎಂದು ನೋಡಬೇಕಾದ ಸ್ಥಾನಗಳು ಲಕ್ಷಗಟ್ಟಲೆ. ಅದಕ್ಕೆ ಅವರು ಹಿಡಿದ ಉಪಾಯ ಬಣ್ಣಗಾರರ ಮನೆಯವರಿಗಲ್ಲದೆ ಇನ್ನಾರಿಗೂ ಹೊಳೆಯುತ್ತಿರಲಿಲ್ಲ. ಚೌಕದ ಸಂಖ್ಯೆ ತನಗೆ ತೋಚಿದ ಅಂಕಿಯಲ್ಲಿ ಮುಗಿಯುವ ಹಾಗಿಲ್ಲ. ಎರಡು, ಮೂರು, ಏಳು, ಎಂಟು ಅದಕ್ಕೆ ವರ್ಜ್ಯ. ಹಾಗೆಯೇ ಏಳರಿಂದ ಭಾಗಿಸಿದರೂ, ಹನ್ನೊಂದರಿಂದ, ಹದಿಮೂರರಿಂದ ಭಾಗಿಸಿದರೂ ಕೆಲವು ಶೇಷಗಳು ಮಾತ್ರ ಅದಕ್ಕೆ ಸಲ್ಲುತ್ತವೆ. ಕಾಕಿಹಣ್ಣಿನ ಒಗರು ರಸ ಕುಡಿಸಿ ಹೊಗೆಯಲ್ಲಿ ಒಣಗಿಸಿದ, ಬಟ್ಟೆಯ ಮೇಲೆ ವಿನ್ಯಾಸ ಮೂಡಿಸುವ ಅಚ್ಚಿನ ಕಾಗದ ಮನೆಯಲ್ಲಿ ಬೇಕಾದಷ್ಟಿತ್ತು. ಶಿಗೆಯೊ ಏಳಕ್ಕೊಂದು, ಹನ್ನೊಂದಕ್ಕೊಂದು, ಹದಿಮೂರಕ್ಕೊಂದು ಹೀಗೆ ಉದ್ದನೆಯ ಪಟ್ಟಿಗಳನ್ನು ಕತ್ತರಿಸಿ, ಸಲ್ಲುವ ಸ್ಥಾನಗಳಲ್ಲಿ ಮಾತ್ರ ಉಳಿಯಿಂದ ತೂತು ಹೊಡೆದರು. ಪಟ್ಟಿಗಳನ್ನು ಒಂದರ ಮೇಲೊಂದು ಹೊಂದಿಸಿ ಕಿಟಕಿಗೆ ಹಿಡಿದರೆ, ಎಲ್ಲ ತೂತುಗಳೂ ಒಂದೇ ನೇರಕ್ಕೆ ಬಂದ ಅಪರೂಪದ ಸ್ಥಾನದಲ್ಲಷ್ಟೇ ಬೆಳಕು ತೂರಿ ಬರುತ್ತದೆ. ಆ ಸ್ಥಾನವನ್ನು ಮಾತ್ರ ಅಬಾಕಸಿನ ಮಣಿಗಳಲ್ಲಿ ಲೆಕ್ಕ ಹಾಕಿ ನೋಡಿದರೆ ಸಾಕು. ಕತ್ತಲಾಗಿದ್ದಲ್ಲಿ ನೋಡುವ ಅಗತ್ಯವೇ ಇಲ್ಲ. ಹಿಮ ಬಿದ್ದು ಕಿಟಕಿಯ ಹೊರಗೆಲ್ಲ ಬೆಳ್ಳಗಾದಾಗ ಕಣ್ಣಿಗೆ ಅನುಕೂಲವೆಂದು ಅದು ಚಳಿಗಾಲದ ಕೆಲಸವಾಯಿತು. ಅವರ ಚಳಿಗಾಲಗಳೆಲ್ಲ, ಕಪ್ಪು ಕೂದಲಿನಿಂದ ಬಿಳಿ ಕೂದಲಿನವರೆಗೆ, ಆ ಕಿಟಕಿಯ ಬಳಿ ಸಂದವು.

ಈ ನಡುವೆ ಲೋಕ ಮುಂದೆ ಹೋಗಿತ್ತು. ಗುಡಿಯ ಅರ್ಚಕರಾಗಿ ತಂದೆಯ ಜಾಗಕ್ಕೆ ಬಂದ ಯಾಸುಹಿರೊ ಒಂದು ದಿನ ಕೂಟದಲ್ಲಿ ಆ ಹದಿನಾಲ್ಕು ಅಂಕಿಗಳನ್ನು ಫೋನಿಗೆ ಒತ್ತಿದರು. ಕಣ್ಣು ಮಿಟುಕಿಸುವಷ್ಟರಲ್ಲಿ ಅವಿಭಾಜ್ಯ ಎಂದು ಬಂತು. ಒಳ್ಳೆಯ ಸುದ್ದಿಯೆಂದು ಅವರು ಅದನ್ನು ಶಿಗೆಯೊ ಅವರಿಗೆ ತೋರಿಸಿದರು. ಶಿಗೆಯೊ ಫೋನನ್ನು ಕೈಗೆ ತೆಗೆದುಕೊಂಡು, ಅಂಕಿಗಳನ್ನು ಸರಿಯಾಗಿ ಒತ್ತಿದ್ದಾರೆಯೇ ಎಂದು ಪರೀಕ್ಷಿಸಿ, ಹಿಂದಕ್ಕೆ ಕೊಟ್ಟರು. ಉತ್ತರ ಮುಂದಿನ ತಿಂಗಳ ಕೂಟಕ್ಕೆ ಬಂತು.

"ಮೇಷ್ಟ್ರು ಹೇಳಿದಾಗಲೇ ನಂಬಿದ್ದೆ. ನಿಮ್ಮ ಫೋನನ್ನೂ ನಂಬ್ತೀನಿ. ಆದ್ರೆ ಹಲಗೆ ಮೇಲೆ ಬರೆಸಿರೋದು ನನ್ನ ಹೆಸರು."

ಆಮೇಲೆ ಗುಡಿಯ ಮಾಡು ಬದಲಿಸುವ ಕೆಲಸ ಬಂತು. ಹಲಗೆಗಳನ್ನೆಲ್ಲ ಕೆಳಗಿಳಿಸಿ, ಬಣ್ಣ ಹೋದಲ್ಲಿ ಬಣ್ಣ ಹಚ್ಚಿ, ಶರತ್ಕಾಲದ ಹಬ್ಬದ ದಿನ ಮತ್ತೆ ಮೇಲೇರಿಸುವುದೆಂದು ನಿಶ್ಚಯವಾಯಿತು. ಒಮ್ಮೆ ಮೇಲೇರಿದರೆ ಇನ್ನೊಂದು ಮಾಡು ಬದಲಿಸುವವರೆಗೆ ಅವು ಕೆಳಗಿಳಿಯುವುದಿಲ್ಲ. ಅಷ್ಟರಲ್ಲಿ ನಾವ್ಯಾರೂ ಇರುವುದಿಲ್ಲ. ಶಿಗೆಯೊ ಅವರ ಕಣ್ಣಿನ ನಡುಭಾಗ ಮಂಜಾಗತೊಡಗಿತ್ತು, ವೈದ್ಯರು ಅದು ಹಿಂದಿರುಗದೆಂದು ಹೇಳಿಯಾಗಿತ್ತು. ಮೇಷ್ಟ್ರು ಖಾಲಿ ಬಿಟ್ಟ ಸಾಲನ್ನು ಹಲಗೆ ಮೇಲೇರುವ ಮೊದಲು ತುಂಬಬೇಕು: ಬದುಕಿನಲ್ಲಿ ಅವರಿಗೆ ಬೇಕೆನಿಸಿದ್ದು ಇದೊಂದೇ. ಆ ಚಳಿಗಾಲವೆಲ್ಲ ಅವರು ಕೂಟಕ್ಕೆ ಬರಲಿಲ್ಲ. ಹಿಮ ಕರಗುವ ಹೊತ್ತಿಗೆ ಬಂದು, ಕೋಟನ್ನು ಬಿಚ್ಚಿ ಮಡಿಸಿಟ್ಟು, ಮುಗಿಯಿತು ಎಂದರು. ಎರಡನೆಯ ತ್ರಿಕೋನ ಇಲ್ಲ. ಅವರು ಹಲ್ಲು ಕಾಣುವಂತೆ ನಕ್ಕದ್ದನ್ನು ನಾನು ನೋಡಿದ್ದು ಅಂದೇ.

ಇಲ್ಲಿ ಕಿನು ಅವರ ಮಾತು ಹೇಳಬೇಕು. ವಯಸ್ಸಿನಲ್ಲಿ ನಾದಿನಿಗಿಂತ ಚಿಕ್ಕವರು, ಸಂಬಂಧದಲ್ಲಿ ಹಿರಿಯರು. ಗಂಡ ಹೋದ ಮೇಲೂ ಅದೇ ಮನೆಯಲ್ಲಿ ಉಳಿದು, ಶಿಗೆಯೊ ಊಟ ಮರೆತರೆ ತಟ್ಟೆಯನ್ನು ಅಬಾಕಸಿನ ಮೇಲೇ ತಂದಿಟ್ಟವರು. ಅವರಿಗೆ ಅಂಗಡಿಯ ಕೂಡು ಕಳೆ ಬಿಟ್ಟರೆ ಲೆಕ್ಕ ಬಾರದು. ಬಂದದ್ದು ತೇಪೆಯ ಕೆಲಸ. ಹುಳು ತಿಂದ ಅಚ್ಚಿನ ಕಾಗದವನ್ನು ಒಂದೆಳೆ ಕಾಗದ, ಒಂದು ಹನಿ ಕಾಕಿರಸದಲ್ಲಿ ಮುಚ್ಚಿದರೆ ಅಲ್ಲಿ ತೂತಿತ್ತೆಂದು ಕಾಗದಕ್ಕೇ ಮರೆತುಹೋಗುವಂತಿರುತ್ತಿತ್ತು. ದೂರದೂರಿನ ಬಣ್ಣಗಾರರು ಅವರಲ್ಲಿಗೆ ಅಚ್ಚು ಕಳಿಸುತ್ತಿದ್ದರು. ಬಾನಿಗಳು ಒಣಗಿ ಕಸುಬು ನಿಂತ ಮೇಲೆ ಆ ಕೈಗಳಿಗೆ ಕೆಲಸವಿರಲಿಲ್ಲ, ಹೊಗಳುವವರೂ ಇರಲಿಲ್ಲ.

ದಾರಿ ಮುಗಿದ ಸಂತೋಷಕ್ಕೆ ಸೆಂದಾ ಮನೆಯಲ್ಲಿ ಮೋಚಿ ಕುಟ್ಟಿದೆವು. ಕೂಟದವರೆಲ್ಲ ಅಂಗಳದಲ್ಲಿ ಒನಕೆ ಎತ್ತಿ ಬೆವರಿ, ಒಳಗೆ ಬಂದು ತಿನ್ನುತ್ತ ಕೂತಿದ್ದಾಗ, ಯಾರೋ ಆ ಪ್ರಸಿದ್ಧ ಪಟ್ಟಿಗಳನ್ನೊಮ್ಮೆ ನೋಡಬೇಕೆಂದರು. ಕಿನು ಅವರೇ ಸಂಭ್ರಮದಿಂದ ಕಟ್ಟು ಬಿಚ್ಚಿದರು. ಪಟ್ಟಿಗಳು ಕೈಯಿಂದ ಕೈಗೆ ಸಾಗಿದವು. ಹದಿಮೂರರ ಪಟ್ಟಿ ಯಾಸುಹಿರೊ ಅವರ ಕೈಗೆ ಬಂದಾಗ ಕಿನು ಮುಸಿಮುಸಿ ನಗುತ್ತ ಒಂದು ಪಂಥ ಹಾಕಿದರು.

"ಅದ್ರಲ್ಲಿ ನಾನು ತೇಪೆ ಹಾಕಿರೋ ಜಾಗ ಯಾವ್ದು, ಕಂಡುಹಿಡೀರಿ ನೋಡೋಣ. ನಮ್ಮ ಶಿಗೆಯೊಗೇ ಗೊತ್ತಾಗಿಲ್ಲ ಇಷ್ಟು ವರ್ಷ."

ಹುಳು ಕೊರೆದಿತ್ತು, ಉಳಿದ ತೂತುಗಳಂತೆ ದುಂಡಗಿರಲಿಲ್ಲ, ಅಂಚು ಹರಿದಿತ್ತು. ಹೇಳಿದರೆ ಶಿಗೆಯೊ ಕೆಲಸದ ನಡುವೆ ಬೇಸರ ಮಾಡಿಕೊಳ್ಳುತ್ತಾಳೆಂದು ತಾವೇ ಮುಚ್ಚಿಬಿಟ್ಟುದಾಗಿ ಅವರು ವಿವರಿಸುತ್ತಿದ್ದರು. ಹದಿಮೂರಕ್ಕೊಮ್ಮೆ ಮರಳಬೇಕಾದ ತೂತುಗಳ ಸಾಲಿನಲ್ಲಿ ಒಂದು ಕಡಿಮೆಯಿತ್ತು: ಅದು ಹುಳು ಕೊರೆದದ್ದಲ್ಲ, ಶಿಗೆಯೊ ಅವರ ಕೈಯ ಉಳಿ ಎಂದೋ ಒಮ್ಮೆ ಜಾರಿ ಅಂಚು ಹರಿದ ನಿಜವಾದ ತೂತು ಎಂಬುದು ಕೂಟದವರಿಗೆಲ್ಲ ಹೊಳೆದಿತ್ತು. ತೇಪೆ ಬಿದ್ದಂದಿನಿಂದ ಆ ಪಟ್ಟಿ ಕೂತಲ್ಲೆಲ್ಲ ಒಂದು ಸ್ಥಾನ ಕತ್ತಲಾಗಿತ್ತು. ಕತ್ತಲಾದಲ್ಲಿ ಶಿಗೆಯೊ ನೋಡಿರಲಿಲ್ಲ.

ಶಿಗೆಯೊ ಪಟ್ಟಿಯನ್ನು ತೆಗೆದುಕೊಂಡು ಬೆರಳಿನಿಂದ ತಡವಿದರು. ಬೆರಳಿಗೂ ಅದು ಸಿಗಲಿಲ್ಲ. ಕಿನು ತಾವೇ ಆ ಜಾಗದ ಮೇಲೆ ಅವರ ಬೆರಳನ್ನು ಹಿಡಿದಿಟ್ಟರು.

"ಯಾವಾಗ ಹಾಕಿದ್ದು ಅತ್ತಿಗೆ?"

"ಯಾರಿಗೆ ನೆನಪಿದೆ. ನಿಮ್ಮಣ್ಣ ಇದ್ದಾಗ್ಲೋ, ಹೋದ್ಮೇಲೋ."

"ತುಂಬ ಚೆನ್ನಾಗಿ ಹಾಕಿದ್ದೀಯ" ಎಂದರು ಶಿಗೆಯೊ. ಆಮೇಲೆ ಎಲ್ಲರ ತಟ್ಟೆಗೂ ಇನ್ನೊಂದೊಂದು ಮೋಚಿ ಬಡಿಸಿದರು. ಕಿನು ಅವರ ಮುಖ ಹಿಗ್ಗಿ ಹೋಗಿತ್ತು. ಬಹಳ ಕಾಲದ ಮೇಲೆ ಅವರ ಕೈಕೆಲಸವನ್ನು ನಾಲ್ಕು ಜನರ ಮುಂದೆ ಒಬ್ಬರು ಮೆಚ್ಚಿದ್ದರು.

ಮರುದಿನವೇ ಯಾಸುಹಿರೊ ಹೋಗಿ ಬೇಡಿಕೊಂಡರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಸಂಖ್ಯೆ ಮುರಿಯುವುದಿಲ್ಲವೆಂದು ನಿಶ್ಚಯವಾಗಿ ಗೊತ್ತಿದೆ. ಅಂದ ಮೇಲೆ ಮುಚ್ಚಿದ ತೂತಿನ ಹಿಂದೆ ಎರಡನೆಯ ತ್ರಿಕೋನ ಅಡಗಿರುವುದು ಅಸಾಧ್ಯ. ಮತ್ತೆ ಮೊದಲಿನಿಂದ ನೋಡಲು ಕಣ್ಣಿಲ್ಲ, ಹಬ್ಬಕ್ಕೆ ದಿನವಿಲ್ಲ. ಕಿನು ಅವರಿಗೆ ತಿಳಿದರೆ ಎದೆ ಒಡೆದುಕೊಳ್ಳುತ್ತಾರೆ. ನೋಡಿದೆ, ಇಲ್ಲ, ಎಂದು ಎರಡು ಮಾತು ಬರೆದರೆ ದೇವರಿಗೂ ಸುಳ್ಳಾಗದು, ಮನುಷ್ಯರಿಗೂ ನೋವಾಗದು. ಶಿಗೆಯೊ ಚಹಾ ಕೊಟ್ಟು ಕಳಿಸಿದರು. ಬೇಸಿಗೆ ಕಳೆಯಿತು. ಹಲಗೆಗೆ ಬಣ್ಣ ಬಳಿದು ಆಯಿತು, ದಾರಿಯ ಸಾಲು ಮಾತ್ರ ಬೋಳಾಗಿ ಉಳಿಯಿತು. ಹಬ್ಬ ಹತ್ತಿರ ಬಂದಾಗ ಅವರು ಒಬ್ಬರೇ ಗುಡ್ಡ ಹತ್ತಿ ಬಂದು ಕುಂಚ ಕೇಳಿದರು. ಶಾಯಿ ಅರೆಯುತ್ತ ಹೇಳಿದ್ದನ್ನು ಯಾಸುಹಿರೊ ನಮಗೆ ಹೇಳಿದ್ದಾರೆ.

"ಅಲ್ಲಿ ಏನೂ ಇಲ್ಲ ಅನ್ನೋದು ಸುಳ್ಳಲ್ಲ. ನಾನು ನೋಡಿದೆ ಅನ್ನೋದು ಸುಳ್ಳು."

ಬರೆಯುವಾಗ ಅಕ್ಷರ ಕಾಣುವುದಕ್ಕೆ ಅವರು ಮುಖವನ್ನು ಓರೆ ಮಾಡಬೇಕಾಯಿತು. ಬರೆದದ್ದು ಹೀಗಿದೆ: ಚಿಕ್ಕದರಿಂದ ತೊಡಗಿ ಕೊನೆಯವರೆಗೆ ಬೆಳಕಿಗೆ ಹಿಡಿದು ನೋಡಿದೆ, ಎರಡನೆಯ ತ್ರಿಕೋನ ಕಾಣಲಿಲ್ಲ. ಹದಿಮೂರರ ಪಟ್ಟಿಯಲ್ಲಿ ಒಂದು ತೂತು ಮುಚ್ಚಿತ್ತು, ಎಂದಿನಿಂದಲೋ ತಿಳಿಯದು. ಆ ಸ್ಥಾನವನ್ನು ನಾನು ನೋಡಿಲ್ಲ. ಗಮನಿಸದೆ ಹೋದದ್ದು ನನ್ನ ಕಣ್ಣು. ಸೆಂದಾ ಶಿಗೆಯೊ.

ಹಬ್ಬದ ದಿನ ಹಲಗೆ ಮೇಲೇರುವ ಮೊದಲು ಅದನ್ನು ಗಟ್ಟಿಯಾಗಿ ಓದುವುದು ಪದ್ಧತಿ. ಯಾಸುಹಿರೊ ಓದುವಾಗ ಆ ಭಾಗವನ್ನು ಎಷ್ಟು ಬೇಗಬೇಗ ಓದಿದರೆಂದರೆ ಅರ್ಧ ಜನರಿಗೆ ತಿಳಿಯಲೇ ಇಲ್ಲ. ಕಿನು ಅವರಿಗೆ ತಿಳಿಯಿತು. ತೇಪೆಯೆಂಬ ಪದ ಅಲ್ಲೆಲ್ಲೂ ಇರಲಿಲ್ಲ, ಅವರ ಹೆಸರೂ ಇರಲಿಲ್ಲ, ಆದರೆ ಮುಚ್ಚಿದ ತೂತು ಎಂದರೆ ಏನೆಂದು ನಮ್ಮೂರಿನಲ್ಲಿ ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಜನ ಚದುರಿದ ಮೇಲೆ ಅವರು ಗುಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟರು. ಶಿಗೆಯೊ ಪಕ್ಕದಲ್ಲಿ ಕೂತರು. ನಾನು ಚಾಪೆ ಸುತ್ತುತ್ತ ಅಲ್ಲೇ ಇದ್ದೆ.

"ಹಾಳು ಮಾಡಿದ್ದು ನಾನು. ಅವತ್ತೇ ನಾಲ್ಕು ಬೈಯ್ಬೇಕಿತ್ತು ನೀನು."

"ನೀನು ನಗ್ತಾ ಇದ್ದೆ ಅತ್ತಿಗೆ. ಅಣ್ಣ ಹೋದ್ಮೇಲೆ ಹಂಗೆ ನಕ್ಕಿದ್ದು ನಾನು ನೋಡಿರ್ಲಿಲ್ಲ."

ಕಿನು ಅತ್ತರು. ಬಹಳ ಹೊತ್ತು ಅತ್ತು, ಮೂಗು ಒರೆಸಿಕೊಂಡು, ಮನೆಗೆ ಹೋಗಿ ಬಿಸಿನೀರಿನ ಹಬೆಗೆ ಆ ಪಟ್ಟಿಯನ್ನು ಹಿಡಿದು, ತಮ್ಮ ಜೀವಮಾನದ ಅತ್ಯುತ್ತಮ ತೇಪೆಯನ್ನು ಉಗುರಿನ ತುದಿಯಿಂದ ತಾವೇ ಕಿತ್ತು ತೆಗೆದರು.

ಹಿಮ ಬಿದ್ದ ಮೇಲೆ ಇಬ್ಬರೂ ಕಿಟಕಿಯ ಬಳಿ ಕೂತರು. ತೇಪೆ ಬಿದ್ದದ್ದು ಎಂದೆಂದು ತಿಳಿಯದಾದ್ದರಿಂದ ಮೊದಲಿನಿಂದಲೇ ತೊಡಗಬೇಕು. ಪಟ್ಟಿ ಕೂತಲ್ಲೆಲ್ಲ ಆ ಒಂದು ಸ್ಥಾನವನ್ನಷ್ಟೇ ನೋಡಿದರೆ ಸಾಕು. ಶಿಗೆಯೊ ಅವರಿಗೆ ಈಗ ತೂತು ಕಾಣುವುದಿಲ್ಲ. ಕಿನು ನೋಡುತ್ತಾರೆ, ಬೆಳಕು ಬಂತೋ ಇಲ್ಲವೋ ಎಂದು ಹೇಳಲು ಲೆಕ್ಕ ಬರಬೇಕಾಗಿಲ್ಲ. ಇದೆ ಎಂದರೆ ಶಿಗೆಯೊ ಅವರ ಬೆರಳು ಮಣಿಗಳ ಮೇಲೆ ಓಡುತ್ತದೆ, ಇಲ್ಲ ಎಂದರೆ ಪಟ್ಟಿ ಮುಂದಿನ ಸ್ಥಾನಕ್ಕೆ ಜರುಗುತ್ತದೆ. ನಡುವೆ ಕಿನು ಊರ ಸೊಸೆಯಂದಿರ ಸುದ್ದಿ, ಮೂಲಂಗಿಯ ರುಚಿ, ಪಕ್ಕದ ಮನೆಯ ಬೆಕ್ಕಿನ ದುರ್ನಡತೆ ಎಲ್ಲವನ್ನೂ ಹೇಳುತ್ತಾರೆ, ಶಿಗೆಯೊ ಲೆಕ್ಕ ತಪ್ಪಿಸಬೇಡವೆಂದು ಗದರುತ್ತಾರೆ. ಇದು ಮುಗಿಯುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತು. ಉಳಿದಿರುವ ದಾರಿಯೂ ಗೊತ್ತು, ತಮ್ಮ ವಯಸ್ಸೂ ಗೊತ್ತು. ಮುಗಿದರೂ ಬರೆಯಲು ಹಲಗೆ ಕೆಳಗಿಳಿಯುವುದಿಲ್ಲ. ಕಳೆದ ತಿಂಗಳು ನಾನು ಹೋದಾಗ, ಹಾಗಾದರೆ ಇದು ಯಾಕೆ ಎಂದು ಕೇಳಿಯೇಬಿಟ್ಟೆ. ಶಿಗೆಯೊ ಅವರ ಉತ್ತರ ಇನ್ನೂ ಬರಬೇಕಿದೆ. ಕಿನು ಮಾತ್ರ ಪಟ್ಟಿಯಿಂದ ಕಣ್ಣು ಕೀಳದೆ, "ನೋಡಿಲ್ವಲ್ಲ, ಅದಕ್ಕೆ" ಎಂದರು.

ಇಂಥವರಿಂದ ಲೋಕದ ಜ್ಞಾನ ಎಳ್ಳಿನಷ್ಟೂ ಬೆಳೆಯುವುದಿಲ್ಲ. ಅವರು ಆಯುಷ್ಯ ಸವೆಸಿ ತಿಳಿಯುವುದನ್ನು ಲೋಕ ಆಗಲೇ ತಿಳಿದು ಮರೆತಿರುತ್ತದೆ. ಅವರ ಜೊತೆ ಬಾಳುವುದು ಸುಲಭವಲ್ಲ, ಅವರನ್ನು ಕಾಯುವುದಂತೂ ಶಿಕ್ಷೆ. ಆದರೂ ನಾವೆಲ್ಲ ಎಷ್ಟೊಂದು ಸಂಗತಿಗಳ ಕೆಳಗೆ, ಯಾರೋ ನೋಡಿರುತ್ತಾರೆಂಬ ಭರವಸೆಯ ಮೇಲೆ, ನಮ್ಮ ಹೆಸರನ್ನು ಬರೆದುಬಿಟ್ಟಿದ್ದೇವೆ. ಆ ಯಾರೋ ಎಂಬವರೂ ಇನ್ನಾರನ್ನೋ ನಂಬಿಯೇ ಬರೆದಿರಬಹುದು ಎಂದು ಯೋಚಿಸಿದಾಗ ಕಾಲ ಕೆಳಗಿನ ನೆಲ ಒಮ್ಮೆ ಅಲುಗಿದಂತಾಗುತ್ತದೆ. ಎಲ್ಲೋ ಒಂದು ಊರಿನಲ್ಲಿ, ಒಂದು ಕಿಟಕಿಯ ಬಳಿ, ತಾನು ನೋಡಿದ್ದೆಷ್ಟು ನೋಡದ್ದೆಷ್ಟು ಎಂದು ಗೆರೆ ಎಳೆದು ತಿಳಿಸುವ ಒಬ್ಬರು ಇರುತ್ತಾರೆ. ಅವರು ಹೆಸರು ಹಾಕಿದ ಕಡೆ ನಾವು ಮತ್ತೆ ನೋಡಬೇಕಾಗಿಲ್ಲ.